ಪಾಠ ಕೇಳದ ಎಂಟು ಮಕ್ಕಳ ಅಂಕ: ಕ್ರಿಯಾ ಸಂಶೋಧನೆಯಲ್ಲಿ ಪ್ರಕಟಣಾ ನೀತಿ

ಇಂಟರ್ನ್‌ಶಿಪ್ ಅವಧಿಯಲ್ಲಿ ನಾವು ಮೂವರು ಪ್ರಶಿಕ್ಷಣಾರ್ಥಿಗಳು ಒಂದೇ ಕ್ರಿಯಾ ಸಂಶೋಧನೆಯನ್ನು ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕೈಗೊಂಡೆವು. ಶಿರಸಿಯಲ್ಲಿ ಒಬ್ಬ ಸಹಪಾಠಿ, ಯಲ್ಲಾಪುರದಲ್ಲಿ ಒಬ್ಬ ಗೆಳತಿ, ಸಿದ್ದಾಪುರದಲ್ಲಿ ನಾನು. ವಿಷಯ, ಹತ್ತನೆಯ ತರಗತಿಯ ರಾಸಾಯನಿಕ ಕ್ರಿಯೆಗಳ ಅಧ್ಯಾಯದಲ್ಲಿ ಬರುವ ಸ್ಥಾನಪಲ್ಲಟ ಕ್ರಿಯೆ. ಮಕ್ಕಳು ಸಮೀಕರಣವನ್ನು ತಪ್ಪಿಲ್ಲದೆ ಬರೆಯುತ್ತಾರೆ. ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಮುಳುಗಿಸಿದ ಕಬ್ಬಿಣದ ಮೊಳೆ ಏಕೆ ಕೆಂಪಗಾಯಿತು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಪರಿಹಾರವಾಗಿ ನಾವು ಆರಿಸಿಕೊಂಡದ್ದು ಅವರ ಮನೆಯ ತೋಟದಲ್ಲೇ ಇರುವ ಬೋರ್ಡೋ ದ್ರಾವಣ.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಡಿಮೆಯಾದರೆ ತಾಮ್ರ ಬಿಡಿಯಾಗಿ ಉಳಿದು ಎಳೆಯ ಭಾಗಗಳನ್ನು ಸುಡುತ್ತದೆ. ಅದನ್ನು ಪತ್ತೆ ಹಚ್ಚಲು ದ್ರಾವಣದಲ್ಲಿ ಕತ್ತಿ ಅದ್ದಿ ನೋಡುವ ರೂಢಿಯಿದೆ. ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಪಠ್ಯಪುಸ್ತಕದ ಮೊಳೆಗೂ ತೋಟದ ಕತ್ತಿಗೂ ಕ್ರಿಯೆ ಒಂದೇ. ಈ ಪರೀಕ್ಷೆಯನ್ನು ನನಗೆ ಹೇಳಿದ್ದು ಯಾವ ಪುಸ್ತಕವೂ ಅಲ್ಲ. ಮೊದಲ ವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅಕ್ಕೋರೇ, ನಮ್ಮನೆಲಿ ಅಜ್ಜ ಕೊಳೆ ಔಷಧಿ ಮಾಡುವಾಗ ಕತ್ತಿ ಅದ್ದಿ ನೋಡ್ತಾರೆ, ಅದೂ ಇದೇ ಏನು?" ಎಂದ. ನಮ್ಮ ಇಡೀ ಸಂಶೋಧನೆ ಆ ಪ್ರಶ್ನೆಯಿಂದ ಹುಟ್ಟಿತು. ವರದಿಯ ಮೊದಲ ಕರಡಿನಲ್ಲಿ ಮಾತ್ರ "ಸಂಶೋಧಕರು ಸ್ಥಳೀಯ ಸಂದರ್ಭವನ್ನು ಗುರುತಿಸಿದರು" ಎಂದು ಬರೆದಿದ್ದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಎಂಟು ಖಾಲಿ ಕೋಶಗಳು

ಮೂರೂ ಶಾಲೆಗಳಲ್ಲಿ ಹತ್ತು ಅಂಕದ ಪೂರ್ವ ಪರೀಕ್ಷೆ, ಎರಡು ಅವಧಿಯ ಪಾಠ, ಅದೇ ಮಟ್ಟದ ಉತ್ತರ ಪರೀಕ್ಷೆ ಎಂದು ಯೋಜಿಸಿದ್ದೆವು. ಯಲ್ಲಾಪುರದ ತರಗತಿಯಲ್ಲಿ ಪೂರ್ವ ಪರೀಕ್ಷೆಗೆ 27 ಮಕ್ಕಳಿದ್ದರು. ಆಮೇಲೆ ಮಳೆ ಹಿಡಿಯಿತು. ಎರಡು ದಿನ ರಜೆ ಘೋಷಣೆಯಾಯಿತು. ಶಾಲೆ ತೆರೆದ ಮೇಲೂ ಹಳ್ಳ ದಾಟಿ ಬರಬೇಕಾದ ಊರುಗಳ ಎಂಟು ಮಕ್ಕಳು ಬರಲಿಲ್ಲ. ಪಾಠಕ್ಕೂ ಇಲ್ಲ, ಉತ್ತರ ಪರೀಕ್ಷೆಗೂ ಇಲ್ಲ. ಗೆಳತಿ ಇದ್ದ 19 ಮಕ್ಕಳ ಅಂಕಗಳನ್ನು ಕಳಿಸಿದಳು.

ಕೋಷ್ಟಕ ಮಾಡುವ ಕೆಲಸ ನನ್ನದಾಗಿತ್ತು. ಶಿರಸಿ ಮತ್ತು ಸಿದ್ದಾಪುರದ ಸರಾಸರಿ ಏರಿಕೆ 2.7ರ ಆಸುಪಾಸಿನಲ್ಲಿತ್ತು. ಯಲ್ಲಾಪುರದ ಎಂಟು ಕೋಶಗಳು ಖಾಲಿ ಇದ್ದು ಕೋಷ್ಟಕ ಅರೆಬರೆಯಾಗಿ ಕಾಣುತ್ತಿತ್ತು. ಬಂದ 19 ಮಕ್ಕಳ ಸರಾಸರಿ ಸುಮಾರು 7. ಎಂಟೂ ಕೋಶಗಳಲ್ಲಿ 7 ಎಂದು ತುಂಬಿದೆ. ಗೆಳತಿಯನ್ನು ಕೇಳಲಿಲ್ಲ. ಏರಿಕೆ 2.8 ಬಂತು, ಮೂರೂ ಶಾಲೆಗಳು ಒಂದೇ ಮಾತು ಹೇಳಿದಂತೆ ಕಂಡಿತು. ಕಾಲೇಜಿನ ಪ್ರದರ್ಶನದ ಭಿತ್ತಿಪತ್ರದಲ್ಲೂ ಅದನ್ನೇ ಹಾಕಿದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಅನಿಸಲಿಲ್ಲ. ಕೋಷ್ಟಕವನ್ನು ಅಚ್ಚುಕಟ್ಟು ಮಾಡುತ್ತಿದ್ದೇನೆ ಎಂದಷ್ಟೇ ಅನಿಸಿತ್ತು.

ಮಾರ್ಗದರ್ಶಕ ಉಪನ್ಯಾಸಕರು ಭಿತ್ತಿಪತ್ರ ನೋಡಿ ಹೊಗಳಿದರು. ಮರುದಿನ ಕರೆದು, "ಯಲ್ಲಾಪುರದ 27 ಉತ್ತರ ಪತ್ರಿಕೆ ತಂದುಕೊಡಮ್ಮ, ಮಕ್ಕಳು ಎಲ್ಲಿ ತಪ್ಪಿದ್ದಾರೆ ನೋಡೋಣ" ಎಂದರು. ಅನುಮಾನದಿಂದ ಕೇಳಿದ್ದಲ್ಲ. ನನ್ನ ಬಳಿ 19 ಮಾತ್ರ ಇದ್ದವು.

ಅಂದು ಸಂಜೆ ಅಂಕಗಳನ್ನು ಮತ್ತೆ ಲೆಕ್ಕ ಹಾಕಿದೆ. ಪ್ರಶಿಕ್ಷಣಾರ್ಥಿ ಮಿತ್ರರು ಈ ಲೆಕ್ಕವನ್ನು ದಯವಿಟ್ಟು ಕೈಯಾರೆ ಮಾಡಿ ನೋಡಬೇಕು. ಪೂರ್ವ ಪರೀಕ್ಷೆಯಲ್ಲಿ 27 ಮಕ್ಕಳ ಒಟ್ಟು ಅಂಕ 111, ಸರಾಸರಿ 4.1. ಅದರಲ್ಲಿ ಆಮೇಲೂ ಬಂದ 19 ಮಕ್ಕಳದು 91, ಅಂದರೆ 4.8. ಬಾರದ ಎಂಟು ಮಕ್ಕಳದು 20, ಸರಾಸರಿ 2.5. ಉತ್ತರ ಪರೀಕ್ಷೆಯಲ್ಲಿ 19 ಮಕ್ಕಳ ಒಟ್ಟು 131. ಹಾಗಾದರೆ ನಿಜವಾದ ಏರಿಕೆ 91ರಿಂದ 131ಕ್ಕೆ, ತಲೆಗೆ 2.1. ನಾನು ತುಂಬಿದ ಕೋಷ್ಟಕದಲ್ಲಿ ಬಾರದ ಎಂಟು ಮಕ್ಕಳು 2.5ರಿಂದ 7ಕ್ಕೆ ಜಿಗಿದಿದ್ದರು. ಪಾಠವನ್ನೇ ಕೇಳದ ಮಕ್ಕಳು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಲಿತಿದ್ದರು!

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಏನನ್ನೂ ತುಂಬದೆ, 27 ಮಕ್ಕಳ ಪೂರ್ವ ಸರಾಸರಿಯ ಎದುರು 19 ಮಕ್ಕಳ ಉತ್ತರ ಸರಾಸರಿ ಇಟ್ಟಿದ್ದರೂ ಏರಿಕೆ 2.8 ಎಂದೇ ಬರುತ್ತಿತ್ತು. ಯಾವ ಅಂಕಿಯೂ ಸುಳ್ಳಲ್ಲ, ಹೋಲಿಕೆ ಸುಳ್ಳು. ಗೈರುಹಾಜರಿ ಚೀಟಿ ಎತ್ತಿದಂತೆ ಯಾರಿಗೋ ಬರುವುದಿಲ್ಲ. ಹಳ್ಳದ ಆಚೆಯ ಮಕ್ಕಳು ಮೊದಲೇ ಹೆಚ್ಚು ದಿನ ತಪ್ಪಿಸಿಕೊಂಡವರು, ಮೊದಲೇ ಕಡಿಮೆ ಅಂಕದವರು. ನನ್ನ ಅಚ್ಚುಕಟ್ಟು ಅಳಿಸಿದ್ದು ಅವರನ್ನೇ. ಆ ವರದಿಯನ್ನು ಓದಿದ ಇನ್ನೊಬ್ಬ ಶಿಕ್ಷಕರು ಈ ವಿಧಾನ ಹಿಂದುಳಿದ ಮಕ್ಕಳಿಗೂ ಅಷ್ಟೇ ಫಲಕಾರಿ ಎಂದು ನಂಬಿ ತಮ್ಮ ಶಾಲೆಯಲ್ಲಿ ಬಳಸುತ್ತಿದ್ದರು.

ದೊಡ್ಡ ಪತ್ರಿಕೆಗಳಲ್ಲಿ ಇದಕ್ಕೆ ಏನೆನ್ನುತ್ತಾರೆ

ಇಲ್ಲದ ದತ್ತಾಂಶವನ್ನು ಸೃಷ್ಟಿಸುವುದು, ಇರುವುದನ್ನು ತಿರುಚುವುದು, ಇತರರದನ್ನು ತನ್ನದೆಂದು ಬರೆಯುವುದು. ಸಂಶೋಧನಾ ನೀತಿಯನ್ನು ಕುರಿತ ಯಾವ ದಾಖಲೆ ತೆಗೆದರೂ ಮೊದಲು ಸಿಗುವ ಮೂರು ತಪ್ಪುಗಳು ಇವು. ನಾನು ಮಾಡಿದ್ದು ಮೊದಲನೆಯದು. ಪತ್ರಿಕಾ ಸಂಪಾದಕರಿಗೆ ಇಂಥ ವಿಷಯಗಳಲ್ಲಿ ಸಲಹೆ ನೀಡಲೆಂದು 1997ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಣಾ ನೀತಿ ಸಮಿತಿಯೊಂದು ಆರಂಭವಾಯಿತು. 'ಕೋಪ್' ಎಂಬ ಕಿರುಹೆಸರಿನಿಂದ ಅದು ಪರಿಚಿತ. ಪ್ರಕಟವಾದ ಪ್ರಬಂಧದಲ್ಲಿ ದೋಷ ಕಂಡರೆ ತಿದ್ದುಪಡಿ ಪ್ರಕಟಿಸಬೇಕು. ಫಲಿತಾಂಶವನ್ನೇ ನಂಬಲಾಗದಿದ್ದರೆ ಹಿಂತೆಗೆಯಬೇಕು. ಹಿಂತೆಗೆಯುವುದೆಂದರೆ ಮಾಯ ಮಾಡುವುದಲ್ಲ. ಪ್ರಬಂಧ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಕಾರಣ ಹೇಳುವ ಸೂಚನೆ ಬೀಳುತ್ತದೆ.

ನಮ್ಮ ರಾಜ್ಯದ ನಿದರ್ಶನ ದೂರ ಹುಡುಕಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಪ್ರಯೋಗಾಲಯವೊಂದರಿಂದ, ಬ್ಯಾಕ್ಟೀರಿಯಾಗಳು ಕಬ್ಬಿಣದ ಅಂಶವನ್ನು ಗ್ರಹಿಸುವ ಬಗೆಯ ಕುರಿತು 2020ರಲ್ಲಿ 'ನೇಚರ್ ಕೆಮಿಕಲ್ ಬಯಾಲಜಿ'ಯಲ್ಲಿ ಪ್ರಬಂಧ ಬಂತು. ಅದರ ಚಿತ್ರಗಳಲ್ಲಿ ಒಂದೇ ಭಾಗ ಮರುಕಳಿಸಿದಂತಿದೆ ಎಂದು ಓದುಗರು ತೋರಿಸಿಕೊಟ್ಟರು. ತನಿಖೆ ನಡೆಯಿತು, 2021ರಲ್ಲಿ ಪ್ರಬಂಧವನ್ನು ಹಿಂತೆಗೆಯಲಾಯಿತು. ಪ್ರಕಟಣೆಗೆ ಮುನ್ನ ಪ್ರಬಂಧವನ್ನು ಓದಿದ ವಿಮರ್ಶಕರಿಗೆ ಕಾಣದ್ದು ಆಮೇಲಿನ ಓದುಗರಿಗೆ ಕಂಡಿತು. ಮೂಲ ದಾಖಲೆಯನ್ನು ಯಾರಾದರೂ ಕೇಳಿದಾಗ ಮುಂದಿಡಲು ಇರಬೇಕು ಎಂಬ ನಿಯಮದ ಅರ್ಥ ನನಗೆ ಈ ಪ್ರಕರಣದಿಂದ ತಿಳಿಯಿತು. ನಿಜ ಹೇಳಬೇಕೆಂದರೆ 19 ಉತ್ತರ ಪತ್ರಿಕೆಗಳಿಂದ ಇನ್ನೂ ಚೆನ್ನಾಗಿ ತಿಳಿಯಿತು.

ಕೃತಿಚೌರ್ಯದ ವಿಷಯದಲ್ಲಿ ನಮ್ಮಲ್ಲಿ ಒಂದು ಸಡಿಲ ನಂಬಿಕೆಯಿದೆ: ಫಲಿತಾಂಶ ನಮ್ಮದಾದರೆ ಸಾಕು, ಪೀಠಿಕೆಯನ್ನು ಎಲ್ಲಿಂದಲಾದರೂ ತೆಗೆದುಕೊಳ್ಳಬಹುದು. ಹಿಂದಿನ ವರ್ಷಗಳ ಕ್ರಿಯಾ ಸಂಶೋಧನಾ ವರದಿಗಳನ್ನು ಸಾಲಾಗಿ ತೆರೆದು ನೋಡಿದರೆ "ಅಧ್ಯಯನದ ಅಗತ್ಯ ಮತ್ತು ಮಹತ್ವ" ಎಂಬ ಪುಟ ಎಷ್ಟು ಕೈ ದಾಟಿ ಬಂದಿದೆ ಎಂಬುದು ಗೊತ್ತಾಗುತ್ತದೆ. ಒಂದರಲ್ಲಿದ್ದ ಕಾಗುಣಿತದ ತಪ್ಪು ಕೂಡ ಹಾಗೆಯೇ ದಾಟಿ ಬಂದಿತ್ತು. 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪ್ರಬಂಧವೊಂದು ಬಂದಿತ್ತು, ಪ್ರೊ. ಸಿ.ಎನ್.ಆರ್. ರಾವ್ ಅದರ ಲೇಖಕರಲ್ಲಿ ಒಬ್ಬರು. ಪೀಠಿಕೆಯ ಕೆಲವು ವಾಕ್ಯಗಳು ಬೇರೊಂದು ಪ್ರಬಂಧದಲ್ಲಿ ಇದ್ದಂತೆಯೇ ಇದ್ದವು. ಪ್ರಬಂಧವನ್ನು ಹಿಂತೆಗೆಯಲಿಲ್ಲ, ಆದರೆ ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೇಳಿದರು. ಅಷ್ಟು ಹಿರಿಯರ ಹೆಸರಿದ್ದರೂ ಪೀಠಿಕೆಯ ಕೆಲವೇ ವಾಕ್ಯಗಳಿಗೆ ಉತ್ತರ ಹೇಳಬೇಕಾಯಿತು ಎಂಬುದನ್ನು ನಾವು ಗಮನಿಸಬೇಕು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಹೋಲಿಕೆಯನ್ನು ಮಟ್ಟಗಳಾಗಿ ವಿಂಗಡಿಸುತ್ತದೆ. ಶೇಕಡಾ 10ರವರೆಗೆ ದಂಡನೆಯಿಲ್ಲ. 10ರಿಂದ 40ರವರೆಗಿದ್ದರೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ಅಂಕಿಗಳನ್ನು ಹಲವರು ತಪ್ಪಾಗಿ ಓದುತ್ತಾರೆ ಎಂಬುದು ನನ್ನ ಅನಿಸಿಕೆ. ಶೇಕಡಾ 10 ಎಂದರೆ ಅಷ್ಟು ನಕಲಿಗೆ ಅನುಮತಿ ಎಂದಲ್ಲ. ಯಂತ್ರ ಪದಗಳನ್ನು ಎಣಿಸುತ್ತದೆ. ನಾನು ತುಂಬಿದ ಎಂಟು 7ಗಳನ್ನು ಯಾವ ತಂತ್ರಾಂಶವೂ ಹಿಡಿಯುತ್ತಿರಲಿಲ್ಲ. ಅವು ನೂರಕ್ಕೆ ನೂರು ನನ್ನ ಸ್ವಂತ ರಚನೆ!

ಮೂರು ದಿನದಲ್ಲಿ ಪ್ರಕಟಣೆ

ಭಿತ್ತಿಪತ್ರದ ಫೋಟೊವನ್ನು ಯಾರೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ವಾರದಲ್ಲೇ ನನಗೊಂದು ಸಂದೇಶ ಬಂತು. ಅಂತರರಾಷ್ಟ್ರೀಯ ನಿಯತಕಾಲಿಕೆ, ಮೂರು ದಿನದಲ್ಲಿ ಪ್ರಕಟಣೆ, ಶುಲ್ಕ 1,500 ರೂಪಾಯಿ, ಪ್ರತಿ ಸಹಲೇಖಕರಿಗೂ ಪ್ರಮಾಣಪತ್ರ. ಐಎಸ್ಎಸ್ಎನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಈ ಸುದ್ದಿ ಹಬ್ಬಿದ್ದೇ ತಡ, ನಮ್ಮ ಕೆಲಸದಲ್ಲಿ ಇಲ್ಲದ ಇಬ್ಬರು ತಮ್ಮ ಹೆಸರನ್ನೂ ಸೇರಿಸಲು ಕೇಳಿದರು. ಸ್ನೇಹದಿಂದ ಕೇಳಿದ್ದು, ತಪ್ಪೆಂದು ಅವರಿಗೂ ಅನಿಸಿರಲಿಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ ಲೇಖಕರಾಗಲು ನಾಲ್ಕೂ ಬೇಕು: ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಎಲ್ಲದಕ್ಕೂ ಉತ್ತರ ಹೇಳುವ ಹೊಣೆ. ನಾಲ್ಕನೆಯದನ್ನು ಓದಿ ಹೇಳಿದ ಮೇಲೆ ಇಬ್ಬರೂ ನಕ್ಕು ಬಿಟ್ಟುಕೊಟ್ಟರು.

ಐಎಸ್ಎಸ್ಎನ್ ಬಗ್ಗೆ ಒಂದು ಮಾತು, ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ಇಷ್ಟವಾಗಬಹುದು. ಬೆಂಗಳೂರಿನಿಂದ 1932ರಿಂದ ಹೊರಡುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯ ಸಂಖ್ಯೆ 0011-3891. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 65. ಅದನ್ನು 11ರಿಂದ ಭಾಗಿಸಿದರೆ ಶೇಷ 10. 11ರಲ್ಲಿ 10 ಕಳೆದರೆ 1, ಅದೇ ಕೊನೆಯ ಅಂಕಿ. ನನಗೆ ಬಂದ ಸಂದೇಶದ ಸಂಖ್ಯೆಯೂ ಈ ಪರೀಕ್ಷೆಯಲ್ಲಿ ಪಾಸಾಯಿತು. ಅದರಿಂದ ತಿಳಿಯುವುದು ಸಂಖ್ಯೆಯನ್ನು ಬರೆದುಕೊಳ್ಳುವಾಗ ಅಂಕಿ ತಪ್ಪಿಲ್ಲ ಎಂಬುದಷ್ಟೇ. ಐಎಸ್ಎಸ್ಎನ್ ಪತ್ರಿಕೆಯ ಗುರುತಿನ ಸಂಖ್ಯೆ. ಒಳಗಿನ ಲೇಖನವನ್ನು ಯಾರಾದರೂ ಓದಿ ಪರಿಶೀಲಿಸಿದ್ದಾರೆ ಎಂಬುದಕ್ಕೆ ಅದು ಪ್ರಮಾಣವಲ್ಲ.

ಓದದೆಯೇ ಪ್ರಕಟಿಸುವ ಪತ್ರಿಕೆಗಳು ಎಷ್ಟಿರಬಹುದು ಎಂಬುದನ್ನು 2013ರಲ್ಲಿ 'ಸೈನ್ಸ್' ಪತ್ರಿಕೆಯ ಜಾನ್ ಬೊಹಾನನ್ ಪರೀಕ್ಷಿಸಿದರು. ಮೇಲುನೋಟಕ್ಕೇ ದೋಷ ಕಾಣುವ ಕಲ್ಪಿತ ಪ್ರಬಂಧವನ್ನು ಶುಲ್ಕ ಪಡೆಯುವ 304 ಮುಕ್ತ ಪತ್ರಿಕೆಗಳಿಗೆ ಕಳಿಸಿದರೆ 157 ಪತ್ರಿಕೆಗಳು ಒಪ್ಪಿಕೊಂಡವು. ನಮ್ಮ ಅನುದಾನ ಆಯೋಗದ ಅನುಮೋದಿತ ಪಟ್ಟಿಯ ಗುಣಮಟ್ಟವನ್ನು ಪ್ರಶ್ನಿಸಿದ ವಿಶ್ಲೇಷಣೆ 2018ರಲ್ಲಿ 'ಕರೆಂಟ್ ಸೈನ್ಸ್'ನಲ್ಲೇ ಬಂತು. ಆ ವರ್ಷದ ಮೇ ತಿಂಗಳಲ್ಲಿ ಆಯೋಗ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕೈಬಿಟ್ಟಿತು. ನಂತರ ಬಂದ 'ಕೇರ್' ಪಟ್ಟಿಯನ್ನೂ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿ, ಪತ್ರಿಕೆಯನ್ನು ಅಳೆಯುವ ಸೂಚಕಗಳನ್ನು ಮಾತ್ರ ಮುಂದಿಟ್ಟಿತು. ಈಗ ನೋಡಿ ಆರಿಸುವ ಹೊಣೆ ಬರೆಯುವವರದು, ಅವರ ಕಾಲೇಜಿನದು. ನಾನು ಸಂದೇಶಕ್ಕೆ ಉತ್ತರ ಬರೆದು, ನಮ್ಮ ವರದಿಯನ್ನು ಯಾರು ಓದುತ್ತಾರೆ, ಅವರ ಅಭಿಪ್ರಾಯ ನಮಗೆ ಸಿಗುತ್ತದೆಯೇ ಎಂದು ಕೇಳಿದೆ. ಶುಲ್ಕ ಕಟ್ಟುವ ಕ್ಯೂಆರ್ ಕೋಡ್ ಬಂತು.

ಹೆಸರು ಯಾರದು

ಅಜ್ಜನ ಕತ್ತಿಯ ಮಾತಿಗೆ ಬರುತ್ತೇನೆ. ಕೊಳೆರೋಗದ ಇತಿಹಾಸವನ್ನು ಪಾಠಕ್ಕಾಗಿ ಓದುವಾಗ ಒಂದು ವಿಷಯ ನನಗೆ ಹಿಡಿಸಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಈ ರೋಗದ ಬಗ್ಗೆ ಬುಲೆಟಿನ್ ಪ್ರಕಟಿಸಿದರು. ಇಂಗ್ಲಿಷ್ ಬುಲೆಟಿನ್ನಿನ ಶೀರ್ಷಿಕೆಯಲ್ಲೇ 'ಕೊಳೆರೋಗ' ಎಂಬ ನಮ್ಮ ಪದವಿದೆ. ರೋಗಾಣುವನ್ನು ಅವರು ಫೈಟಾಫ್ತೊರಾದ ಒಂದು ಬಗೆ ಎಂದು ವಿವರಿಸಿದರು. 1913ರಲ್ಲಿ ಪೆಥಿಬ್ರಿಜ್ ಎಂಬ ವಿಜ್ಞಾನಿ ಅದನ್ನು ಪ್ರತ್ಯೇಕ ಪ್ರಭೇದವೆಂದು ಮರುಹೆಸರಿಸಿದರು. ಆದರೂ ಹೆಸರನ್ನು ಪೂರ್ಣವಾಗಿ ಬರೆಯುವಾಗ ಕೋಲ್ಮನ್ ಎಂಬುದು ಆವರಣದಲ್ಲಿ ಮೊದಲು ಬರುತ್ತದೆ, ಪೆಥಿಬ್ರಿಜ್ ಆಮೇಲೆ. ಮೊದಲು ವಿವರಿಸಿದವರನ್ನು ಬಿಟ್ಟು ಮುಂದೆ ಹೋಗಲು ನಿಯಮವೇ ಬಿಡುವುದಿಲ್ಲ.

ನಮ್ಮ ತಾಲ್ಲೂಕಿನದೇ ಇನ್ನೊಂದು ಪ್ರಬಂಧವನ್ನು ಮಕ್ಕಳಿಗೆ ತೋರಿಸಿದೆ. ಸಿದ್ದಾಪುರದ ಕತ್ತಲೆಕಾನಿನ ಹಳ್ಳಗಳಲ್ಲಿರುವ ಕಪ್ಪೆಯೊಂದರ ಗಂಡು, ಮೊಟ್ಟೆಗಳ ಮೇಲೆ ಮುಂಗಾಲುಗಳಿಂದ ಕೆಸರು ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ 'ಝೂಟ್ಯಾಕ್ಸಾ' ಪತ್ರಿಕೆಯಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿ 'ಕುಂಬಾರ' ಎಂದೇ ಹೆಸರಿಟ್ಟರು. ಎಲ್ಲಿ ನೋಡಿದೆವು, ಹೇಗೆ ನೋಡಿದೆವು ಎಂದು ಬರೆದಿರುವುದರಿಂದ ಇನ್ನೊಬ್ಬರು ಹೋಗಿ ಪರಿಶೀಲಿಸಬಹುದು. ಮಕ್ಕಳು ಹೆಚ್ಚು ಹೊತ್ತು ಕಪ್ಪೆಯ ಬಗ್ಗೆಯೇ ಮಾತಾಡಿದರು, ಇರಲಿ.

ಹಾಗಾದರೆ ನಮ್ಮ ವರದಿಯಲ್ಲಿ "ಸಂಶೋಧಕರು ಗುರುತಿಸಿದರು" ಎಂದು ಬರೆಯುವುದು ಹೇಗೆ? ಹುಡುಗನ ಹೆಸರು ಹಾಕುವಂತಿಲ್ಲ. ಮಕ್ಕಳ ಗುರುತು ಬಿಟ್ಟುಕೊಡಬಾರದು. ಅಜ್ಜನನ್ನೇ ಕೇಳೋಣವೆಂದು ಒಂದು ಭಾನುವಾರ ಅವರ ಮನೆಗೆ ಹೋದೆ, ತಿದ್ದಿದ ಕರಡನ್ನು ಓದಿ ಹೇಳಿದೆ. ತಿದ್ದಿದ ಕರಡು ಎಂದರೆ: ಯಲ್ಲಾಪುರದ ಏರಿಕೆ 2.1, 19 ಮಕ್ಕಳದು ಮಾತ್ರ ಎಂದು ಸ್ಪಷ್ಟವಾಗಿ ಬರೆದದ್ದು. ಎಂಟು ಮಕ್ಕಳು ಮರಳಿದ ಮೇಲೆ ಗೆಳತಿ ಅವರಿಗೆ ಪ್ರತ್ಯೇಕವಾಗಿ ಪಾಠ ಮಾಡಿ ಪರೀಕ್ಷೆ ಕೊಟ್ಟಳು. ಎಂಟೇ ಮಕ್ಕಳ ಮುಂದೆ ಮಾಡಿದ ಪಾಠ ಬೇರೆಯಾದ್ದರಿಂದ ಅವರ ಅಂಕ ಬೇರೆ ಸಾಲಿನಲ್ಲಿದೆ. ಭಿತ್ತಿಪತ್ರದ 2.8ರ ಪಕ್ಕದಲ್ಲಿ ತಿದ್ದುಪಡಿ ಚೀಟಿ ಅಂಟಿಸಿದ್ದೇನೆ, ಕಾರಣವನ್ನೂ ಬರೆದಿದ್ದೇನೆ. ಗೆಳತಿ ಎರಡು ದಿನ ಮಾತು ಬಿಟ್ಟಿದ್ದಳು, ಅದು ನ್ಯಾಯವೇ.

ಆ ಕರಡಿನಲ್ಲಿ ಶಿರಸಿಯ ಸಹಪಾಠಿ ಮೊದಲು ಮುಚ್ಚಿಟ್ಟಿದ್ದ ಸಂಗತಿಯೂ ಇತ್ತು. ಅವನ ತರಗತಿಯಲ್ಲಿ ಮೊದಲ ದಿನ ಪ್ರಯೋಗ ಕೈಕೊಟ್ಟಿತ್ತು. ಬೇಕೆಂದೇ ಸುಣ್ಣ ಕಡಿಮೆ ಹಾಕಿ ಚಾಕು ಅದ್ದಿದರೂ ಕೆಂಪಾಗಲಿಲ್ಲ. ಮಕ್ಕಳು ಸುಣ್ಣ ಸಾಕಾಗಿದೆ ಎಂದು ಬರೆದುಕೊಂಡರು. ಮರುದಿನ ಮೊಳೆ ಹಾಕಿ ತೋರಿಸಿ, ವರದಿಯಲ್ಲಿ ಎರಡನೆಯ ದಿನದ್ದನ್ನು ಮಾತ್ರ ಬರೆದಿದ್ದ. ನನ್ನ ಎಂಟು 7ಗಳ ಕಥೆ ಕೇಳಿದ ಮೇಲೆ ಅವನೇ ಅದನ್ನು ಸೇರಿಸಿದ. ಕಾರಣ ಮಾತ್ರ ನಮಗಾರಿಗೂ ಹೊಳೆದಿರಲಿಲ್ಲ.

ಅಜ್ಜ ಜಗುಲಿಯಲ್ಲಿ ಕೂತು ಕವಳ ಹಾಕುತ್ತ ಅಷ್ಟನ್ನೂ ಕೇಳಿದರು. ಹೆಸರು ಬೇಡ ಎಂದರು. ಸಿದ್ದಾಪುರದ ಒಬ್ಬ ಅಡಿಕೆ ಕೃಷಿಕರು ಎಂದು ಬರೆದರೆ ಸಾಕಂತೆ. ಆಮೇಲೆ ಕೇಳಿದರು, "ಶಿರ್ಸಿ ಹುಡುಗ ಅದ್ದಿದ್ದು ಎಂಥ ಚಾಕು?" ಅಡುಗೆಮನೆಯ ಚಾಕು ಎಂದೆ. "ಸ್ಟೀಲಿಂದಾ? ಅದ್ರ ಮೇಲೆ ಎಂತದೂ ಕಾಣೂದಿಲ್ಲ ತಂಗಿ. ಕಬ್ಬಿಣದ ಕತ್ತಿನೇ ಆಗ್ಬೇಕು, ಅದೂ ಉಜ್ಜಿದ್ದು."

ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರವಿರುತ್ತದೆ ಎಂದು ಬಿಎಸ್ಸಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸೋಮವಾರ ಒಂದೇ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮತ್ತು ಸ್ಟೀಲ್ ಚಮಚ ಎರಡನ್ನೂ ಮಕ್ಕಳ ಎದುರು ಅದ್ದಿದೆ. ಮೊಳೆ ಕೆಂಪಾಯಿತು, ಚಮಚ ಹಾಗೆಯೇ ಉಳಿಯಿತು. ವರದಿಯಲ್ಲಿ ಈ ಚಟುವಟಿಕೆಯನ್ನು ಶಿರಸಿಯ ಕೈಕೊಟ್ಟ ಪ್ರಯೋಗದ ಕೆಳಗೆ ಸೇರಿಸಿದ್ದೇವೆ. ಸಲಹೆ ಯಾರದೆಂದು ಅಲ್ಲೇ ಬರೆದಿದ್ದೇವೆ.